ಸುಣ್ಣದ ಗೆರೆಯೊಳಗೆ ಆಯಿ

ನನಗೆ ಚಿತ್ರ ಬರೆಯಲು ಬರುವುದಿಲ್ಲ. ನಾನು ಬರೆದ ಹುಲಿಯನ್ನು ನೋಡಿ ಕರು ಚಲೋ ಬಂದಿದೆ ಎಂದು ಹೊಗಳಿದವರಿದ್ದಾರೆ. ಆದರೂ ಪಾತ್ರ ಹಾಕಿ ಆಡುವ ಕಥೆಯಾಟಕ್ಕೆ ಚಿತ್ರ ಬೇಕೇ ಬೇಕು. ಒಬ್ಬ ಕಥೆ ನಡೆಸುತ್ತಾನೆ. ಆಡುವವನು ಅದರೊಳಗಿನ ವೀರನೋ ಕಳ್ಳನೋ ಆಗಿ ತಾನೇನು ಮಾಡುತ್ತೇನೆಂದು ಹೇಳುತ್ತಾನೆ. ಅದು ಆದೀತೋ ಇಲ್ಲವೋ ಎಂಬುದು ದಾಳದ ಕೈಯಲ್ಲಿ. ಬರೀ ಬಾಯಲ್ಲಿ 'ಕತ್ತಲ ಕೋಣೆ' ಎಂದರೆ ಅದರ ಉದ್ದಗಲಕ್ಕೆ ಜಗಳ ಹತ್ತುತ್ತದೆ. ನೆಲದ ಮೇಲೆ ನಾಲ್ಕು ಗೆರೆ ಎಳೆದರೆ ತಂಟೆಯಿಲ್ಲ.

ಗೆರೆ ಎಳೆಯುವುದು ನಮ್ಮ ಮನೆತನದ ಕಸುಬು. ಅಜ್ಜ, ಅಪ್ಪ ಇಬ್ಬರೂ ಮನೆ ಕಟ್ಟುವ ಗೌಂಡಿಗಳು. ಮೂಡಲಗಿಯಲ್ಲಿ ಎಷ್ಟೋ ಮನೆಗಳ ಪಾಯಕ್ಕೆ ಸುಣ್ಣದ ಪುಡಿಯಲ್ಲಿ ಗುರುತು ಹಾಕಿದವರು. ಆ ಮನೆಯಿಂದ ಗೋಕಾಕದ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದ ಮೊದಲಿಗ ನಾನು. ಇದನ್ನು ಕೇಳದವರಿಗೂ ಹೇಳುತ್ತೇನೆ. ಆಟ ಕಲಿಸಿದವನು ನನ್ನ ಸಹಪಾಠಿ, ಕಣಗಲಾ ಊರಿನ ಪದ್ಮಣ್ಣ. ಅವನು ಅದನ್ನು ಪುಣೆಯ ನೆಂಟರ ಮನೆಯಿಂದ ಕಲಿತು ತಂದಿದ್ದ.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಇಬ್ಬರೇ ಆಡುತ್ತಿದ್ದೆವು. ಮೂಲೆಯಲ್ಲಿ ಆಯಿ, ಅಪ್ಪನ ತಾಯಿ, ಹೆಸರುಕಾಳು ಹಸನು ಮಾಡುತ್ತ ಕುಳಿತಿದ್ದಳು. ಕಥೆ ಹಾಳು ವಾಡೆಯೊಂದರ ನೆಲಮಾಳಿಗೆಗೆ ಬಂದಿತ್ತು. ಜಾಗ ಸಾಲದೆ, ಕೊನೆಯ ಕೋಣೆಯನ್ನು ಸುಣ್ಣದ ಪುಡಿಯಲ್ಲಿ ಆಯಿಯ ಸುತ್ತಲೇ ಬರೆದುಬಿಟ್ಟೆ. ಬಾಗಿಲು ಬಿಡಲಿಲ್ಲ. ಅದು ಗುಪ್ತ ಬಾಗಿಲು, ಆರು ಬಿದ್ದರೆ ಮಾತ್ರ ಸಿಗುವಂಥದ್ದು.

"ಒಳಗ ಯಾರದಾರ?" ಎಂದ ಪದ್ಮಣ್ಣ.

"ಕಾಣಂಗಿಲ್ಲ. ಯಾರೋ ಉಸರಾಡೂದು ಕೇಳತೈತಿ," ಎಂದೆ.

ಆಯಿ ಮೊರ ಕೆಳಗಿಟ್ಟು ಎದ್ದು, ಗೆರೆಯ ತನಕ ಬಂದು ನಿಂತಳು. "ನನ್ನ ಒಳಗಿಟ್ಟು ಗ್ವಾಡಿ ಕಟ್ಟೀಯಲ್ಲೋ. ಬಾಗಲಾ ಎಲ್ಲೈತಿ?"

"ದಾಟಿ ಬಾ ಆಯಿ. ಸುಣ್ಣದ ಗೆರಿ ಅದು."

"ಗ್ವಾಡ್ಯಾಗ ಹಾದು ಬರಾವ್ರು ಸತ್ತವ್ರು. ನನ್ನ ಈಗ ಕಳಸ್ತೀಯೇನು?"

ಪದ್ಮಣ್ಣ ನಗುತ್ತ ದಾಳ ಕೊಟ್ಟ. "ಒಗೀರಿ ಆಯಿ. ಆರು ಬಿದ್ರ ಬಾಗಲಾ."

ಆಯಿ ನಗಲಿಲ್ಲ. ಒಗೆದಳು, ಒಂದು ಬಿತ್ತು. ಮತ್ತೆ ಮತ್ತೆ ಒಗೆದಳು. ಏನೇನೋ ಬಿದ್ದವು, ಆರು ಮಾತ್ರ ಬೀಳಲಿಲ್ಲ. ಪದ್ಮಣ್ಣನ ನಗು ಆರಿತು. ಆಯಿಯ ಹಣೆ ಬೆವತು ಏದುಸಿರು ಹತ್ತಿತ್ತು. ಕೋಣೆಯೊಳಗಿನ ಉಸಿರೆಂದು ನಾನು ಬಾಯಿಗೆ ಬಂದದ್ದು ಹೇಳಿದ್ದೆ. ಈಗ ಅದು ಪಡಸಾಲೆಗೆಲ್ಲ ಕೇಳುತ್ತಿತ್ತು. ಗೆರೆ ಬರೀ ಗೆರೆಯೆಂದು ಪದವೀಧರನಾದ ನಾನು ಬಲ್ಲೆ. ಆದರೆ ನಾನಿದ್ದದ್ದು ಹೊರಗೆ.

ಅಳಿಸಲು ಕೈ ಚಾಚಿದೆ.

"ಒಳಗ ಮಂದಿ ಇದ್ದಾಗ ಮನಿ ಕೆಡವತಾರೇನು? ಗೌಂಡಿ ಮಗಾ ಅದೀ ನೀ," ಎಂದು ಗದರಿದಳು.

ಆಟದ ನಿಯಮ ಅತ್ತ ಇರಲೆಂದು, ಗೆರೆಯಲ್ಲಿ ಆಳು ಹಾಯುವಷ್ಟು ಸಂದು ಬಿಡಿಸಿ, ಅದಕ್ಕೊಂದು ಚೌಕಟ್ಟು ಬರೆದೆ. ಅದು ಬಾಗಿಲಿನಂತೆಯೇ ಬಂತು. ಆಯಿ ತಲೆ ಬಗ್ಗಿಸಿ ಹೊರಬಂದಳು. ಬಂದವಳು ತಿರುಗಿ ನಿಂತು, ಖಾಲಿ ಮೂಲೆಯತ್ತ ನೋಡಿ, "ಬಾ, ಇಲ್ಲೈತಿ. ತಲಿ ಜ್ವಾಕಿ," ಎಂದಳು. ತುಸು ಬದಿಗೆ ಸರಿದು ದಾರಿ ಕೊಟ್ಟಳು. ಆಮೇಲೆ ಚಹಾ ಇಡಲು ಅಡಿಗೆಮನೆಗೆ ಹೋದಳು.

ಈಗ ನಾನು ಯಾವ ಕೋಣೆ ಬರೆದರೂ ಮೊದಲು ಬಾಗಿಲು, ಗೋಡೆ ಆಮೇಲೆ. ಅಂದು ಪದ್ಮಣ್ಣ ತನ್ನ ಸರದಿ ಬಂದರೂ ಒಳಗೆ ಯಾರಿದ್ದಾರೆಂದು ಮತ್ತೆ ಕೇಳಲಿಲ್ಲ. ಕೋಣೆ ಖಾಲಿಯಾಗಿದೆ ಎಂಬುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ. ತುಸು ಸರಿದು ಕುಳಿತೆವು. ಹೊರಬಂದವರಿಗೂ ಕೂರಲು ಜಾಗ ಬೇಕಲ್ಲ.