ಬೋರಣ್ಣ ಬಂದರು

ಕರಿಬಸಮ್ಮ ತೀರಿಕೊಂಡು ತಿಂಗಳಾಯಿತು. ಡ್ಯೂಟಿ ಮುಗಿಸಿ ಮನೆಗೆ ಬಂದವಳು ಎದೆ ಹಿಡಿದುಕೊಂಡು ಕುಳಿತಳಂತೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. 'ಕಂಡಕ್ಟರ್ ಕಾದಂಬರಿಕಾರ್ತಿ ಇನ್ನಿಲ್ಲ' ಎಂದು ಪೇಪರಿನಲ್ಲಿ ಬಂತು. ಅವಳು ನೋಡಿದ್ದರೆ, "ಡ್ರೈವರ್ ಹೆಸರು ಬಿಟ್ಟಾರೆ ನೋಡು" ಎಂದು ನಗುತ್ತಿದ್ದಳು.

ನಾನು ಹೊನ್ನಾಳಿಯವಳು. ನ್ಯಾಮತಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಾನು ದಿನವೂ ಹತ್ತುತ್ತಿದ್ದ ಬಸ್ಸಿಗೆ ಅವಳು ಕಂಡಕ್ಟರ್. ಹೆಂಗಸರಿಗೆ ಬಸ್ಸು ಇನ್ನೂ ಫ್ರೀ ಆಗಿರದ ಕಾಲ. ಒಂದು ದಿನ ನನ್ನ ತೊಡೆಯ ಮೇಲಿದ್ದ ಪುಸ್ತಕವನ್ನು ಬಗ್ಗಿ ನೋಡಿ, "ಮೇಡಂ, ಓದಿದ ಮೇಲೆ ನಂಗೂ ಕೊಡ್ರಿ. ಹಂಗಂತ ಟಿಕೆಟ್ ಬಿಡಾಕೆ ಆಗಲ್ಲ" ಎಂದಳು. ಸ್ನೇಹ ಶುರುವಾದದ್ದು ಅಲ್ಲಿಂದ. ಎರಡು ವರ್ಷದಲ್ಲಿ ಮೇಡಂ ಹೋಗಿ ಸಂಧ್ಯಾ ಆದೆ. ಅವಳು ನನಗೆ ಕರಿಬಸಿ ಆದಳು.

ಬಸ್ಸಿನಲ್ಲಿ ಮಾತ್ರ ಅವಳಿಗೆ ಎಲ್ಲರೂ 'ರೀ'. ಸಾಹುಕಾರನಿಗೂ "ಹಿಂದೆ ಸರೀರಿ", ಕಂಬಳಿ ಹೊದ್ದ ಕುರಿಗಾಹಿಗೂ "ಹಿಂದೆ ಸರೀರಿ". ಒಂದನೇ ಕ್ಲಾಸಿನ ಹುಡುಗಿಗೂ "ಇಳೀರಿ ತಾಯಿ, ನಿಮ್ಮ ಸ್ಕೂಲ್ ಬಂತು" ಎನ್ನುತ್ತಿದ್ದಳು.

ಅವಳ ಊರು ಜಗಳೂರಿನ ಕಡೆಯ ಬಿಳಿಚೋಡು. ಅಪ್ಪ ಚಿಕ್ಕಹನುಮಂತಪ್ಪ ಸುಗ್ಗಿ ಬಂತೆಂದರೆ ಕೆರೆಬಿಳಚಿಗೆ ಅಡಿಕೆ ಸುಲಿಯಲು ಬರುತ್ತಿದ್ದ. ಜೊತೆಗೆ ಬರುತ್ತಿದ್ದ ಮಗಳು ಸಾಹುಕಾರರ ಅಂಗಳದಲ್ಲಿ ಯಾರು ಕುರ್ಚಿಯಲ್ಲಿ ಕೂರುತ್ತಾರೆ, ಯಾರು ಸಿಪ್ಪೆಯ ಮೇಲೆ ಕೂರುತ್ತಾರೆ, ಯಾರು ಯಾರನ್ನು ಹೇಗೆ ಕರೆಯುತ್ತಾರೆ ಎಂದು ನೋಡುತ್ತಲೇ ಬೆಳೆದಳು. ಆ ಅಂಗಳವೇ 'ಸಿಪ್ಪೆ ರಾಶಿ' ಎಂಬ ಕಾದಂಬರಿಯಾಯಿತು. ಬರೆಯಲು ಆರು ವರ್ಷ ಹಿಡಿಯಿತು. ಇಬ್ಬರು ಪ್ರಕಾಶಕರು ಬೇಡವೆಂದ ಮೇಲೆ ರಘುನಾಥ್ ಒಪ್ಪಿಕೊಂಡರು.

ಕರಡು ತಿದ್ದಿ ಬಂದ ದಿನ ಅವಳು ನಮ್ಮ ಮನೆಯಲ್ಲಿದ್ದಳು. ಹಾಳೆ ತಿರುವುತ್ತಾ ಹೋದಂತೆ ಮುಖ ಸಣ್ಣದಾಯಿತು. ಅವಳ ಕಾದಂಬರಿಯಲ್ಲಿ ಅಡಿಕೆ ಸುಲಿಯುವ ಬೋರಣ್ಣ ಬಂದರೆ 'ಬಂದರು'. ಸಾಹುಕಾರ ಬಂದರೆ 'ಬಂದ'. ಕರಡು ತಿದ್ದುವವರು ಇದು ಬರೆಯಲು ಬಾರದವರ ತಪ್ಪೆಂದು ತಿಳಿದು, ಪುಟಪುಟದಲ್ಲೂ ಬೋರಣ್ಣನನ್ನು 'ಬಂದ' ಮಾಡಿ, ಸಾಹುಕಾರನನ್ನು 'ಬಂದರು' ಮಾಡಿದ್ದರು. ತುಂಬ ಶ್ರದ್ಧೆಯಿಂದ ಮಾಡಿದ್ದರು. ಒಂದೂ ಬಿಟ್ಟಿರಲಿಲ್ಲ.

ಆಗಲೇ ಫೋನು ಮಾಡಿದಳು. "ರಘುನಾಥ್ ಸಾರ್, ನಾನು ಸೀಟು ಕೊಟ್ಟು ಕೂರಿಸಿದೋರ್ನ ಎಬ್ಬಿಸಿಬಿಟ್ಟೀರಲ್ರೀ!"

"ಹಾಗಲ್ಲಮ್ಮ. ಹಿಂಗೇ ಬಿಟ್ರೆ ಓದೋರು ಏನಂತಾರೆ? ಈಯಮ್ಮನಿಗೆ ಕನ್ನಡವೇ ಬರಲ್ಲ ಅಂತಾರೆ."

"ಅನ್ಲಿ ಬಿಡ್ರಿ. ಬೋರಣ್ಣ ಎದ್ದು ನಿಲ್ಲಾದಾದ್ರೆ ಪುಸ್ತಕಾನೇ ಬ್ಯಾಡ. ವಾಪಸ್ ಕಳಿಸ್ರಿ."

ಅಷ್ಟು ಹೇಳಿ ಫೋನು ಇಟ್ಟಳು. ಆರು ವರ್ಷದ ದುಡಿಮೆಯನ್ನು ಒಂದು ಮಾತಿಗೆ ಪಣವಿಟ್ಟಿದ್ದಳು. ರಘುನಾಥ್ ನಾಲ್ಕು ದಿನ ಯೋಚಿಸಿ, ಅವಳು ಬರೆದ ಹಾಗೆಯೇ ಅಚ್ಚು ಹಾಕಿಸಿದರು. ಆ ಪುಸ್ತಕದ ಬೆನ್ನುಡಿ ನನ್ನದು. ನನ್ನ ಹೆಸರು ಅವಳ ಹೆಸರಿನ ಹಿಂದೆ ಬಂದಿದೆ ಎನ್ನುವ ಹೆಮ್ಮೆ ನನಗೆ ಸಾಯುವವರೆಗೂ ಇರುತ್ತದೆ.

ಚನ್ನಗಿರಿಯಲ್ಲಿ ಪುಸ್ತಕದ ಮೇಲೆ ಚರ್ಚೆ ಇಟ್ಟಿದ್ದರು. ಚಿಕ್ಕಹನುಮಂತಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಓದು ಬಾರದ ಮನುಷ್ಯ. ಮಗಳು ಏನು ಬರೆದಿದ್ದಾಳೆ ಎಂದು ಕೇಳುವುದು ಅಂದೇ ಮೊದಲು. ಅಧಿಕಾರ, ವರ್ಗ ಎಂದು ನಾವು ಮೇಷ್ಟ್ರುಗಳು ಮಾತಾಡಿ ಮುಗಿಸಿದ ಮೇಲೆ ಅಡಿಕೆ ವ್ಯಾಪಾರದ ಜಯದೇವಪ್ಪನವರು ಎದ್ದರು.

"ತಾಯಿ, ಪುಸ್ತಕ ಓದೀನಿ, ಚಲೋ ಐತೆ. ಸುಲಿಯಾಕೆ ಬಂದೋನಿಗೆ 'ಬಂದರು' ಅಂತೀರಿ. ನಮ್ಮಂಥೋರು ಬಂದ್ರೆ 'ಬಂದ' ಅಂತೀರಿ. ನಮ್ಮ ಮೇಲೆ ಯಾಕ್ರೀ ಅಷ್ಟು ಸಿಟ್ಟು?"

ಸಭೆ ನಕ್ಕಿತು. ಕರಿಬಸಮ್ಮನೂ ನಕ್ಕಳು. "ಸಿಟ್ಟಿಲ್ರೀ ಯಜಮಾನ್ರೇ. ಬರೇ 'ಬಂದ' ಅಂದಿದ್ದು ನಿಮಗೆ ಚುಚ್ಚಿತಲ್ಲ, ಅದು ಹೆಂಗಿರ್ತೈತೆ ಅಂತ ಇನ್ನೂರು ಪುಟ ಕೇಳಿಸ್ಕೊಳ್ರಿ ಅಂದೆ. ಬೋರಣ್ಣನಂಥೋರು ಹುಟ್ಟಿದಾಗಿಂದ ಕೇಳಿಸ್ಕೊಂಡಾರೆ."

ಜಯದೇವಪ್ಪನವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. "ಇನ್ನೂರು ಪುಟ ತಾನೇ? ಆತು ಬಿಡವ್ವ, ತಡ್ಕೊಂತೀನಿ. ಆ ಬೋರಣ್ಣಂದೇ ಒಂದೆರಡು ಸಾಲು ಓದು."

ಅವಳು ಪುಸ್ತಕ ತೆರೆದಳು. "ಬೋರಣ್ಣ ಬಂದರು. ಕೈಕಾಲು ತೊಳೆದರು. ರಾಶಿಯ ಪಕ್ಕ ಕುಳಿತರು."

ಮುಂದಿನ ಸಾಲಿನಿಂದ ಚಿಕ್ಕಹನುಮಂತಪ್ಪ ಕೂಗಿದ. "ಎಷ್ಟು ಮಂದಿ ಬಂದ್ರವ್ವ?"

ಮತ್ತೆ ನಗೆ. ಅವಳು ಮಾತ್ರ ನಗಲಿಲ್ಲ. "ಒಬ್ರೇ ಅಪ್ಪಾ. ಬೋರಣ್ಣ ಒಬ್ರೇ."

"ಒಬ್ಬ ಬಂದಿದ್ದಕ್ಕೆ 'ಬಂದರು' ಅಂತೀಯಲ್ಲೇ?"

"ಹೌದಪ್ಪಾ. ಸಾಹುಕಾರ್ರಿಗೆ ಅಂತೀವಲ್ಲ, ಹಂಗೆ."

ಸಭೆಯ ನಗೆ ನಿಂತಿತು. ಮುದುಕ ಒಂದು ಗಳಿಗೆ ನೆಲ ನೋಡಿದ. "ಇನ್ನೊಂದು ಸಲ ಓದು."

ಅವಳು ಓದಿದಳು. ಈ ಸಲ ನಿಧಾನವಾಗಿ, ಒಂದೊಂದು ಮಾತಿಗೂ ಜಾಗ ಬಿಟ್ಟು ಓದಿದಳು. ಚಿಕ್ಕಹನುಮಂತಪ್ಪ ತಲೆ ಎತ್ತಿ, ಕುರ್ಚಿಗೆ ಬೆನ್ನು ಕೊಟ್ಟು ಕುಳಿತ.

"ಆಮ್ಯಾಲೆ?" ಎಂದ. "ಕೂತ್ಕೊಂಡು ಏನು ಮಾಡಿದ್ರು ಅವ್ರು?"