ನಾಲ್ಕು ಇಪ್ಪತ್ತು, ಮೇಲೆ ಹತ್ತು

ಮೂವತ್ತೊಂದು ವರ್ಷ ಗಣಿತ ಕಲಿಸಿದವನು ನಾನು, ವಿಶ್ವಾರಾಧ್ಯ. ನಮ್ಮೂರು ಕಿಣ್ಣಿ ಸುಲ್ತಾನದಲ್ಲಿ ನನ್ನಿಂದ ಕಿವಿ ಹಿಂಡಿಸಿಕೊಂಡವರಿಲ್ಲದ ಮನೆ ಇಲ್ಲ. ಆದರೂ ನಲವತ್ತೊಂದರ ಕಲ್ಯಾಣಕುಮಾರ ಮನೆಗೆ ಬಂದು, "ಸರ, ಎಣಿಸೋದು ಕಲಸ್ರಿ" ಎಂದಾಗ ಇವನಿಗೇನು ತಲೆ ಕೆಟ್ಟಿದೆಯೇ ಅನ್ನಿಸಿತು.

"ಕನ್ನಡದಾಗ ಅಲ್ರಿ. ಫ್ರೆಂಚಿನಾಗ."

ಕಲ್ಯಾಣಕುಮಾರ ಹದಿನೆಂಟು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮನ್, ಅಂದರೆ ಪಾಕ ಕುದಿಸುವ ಹಂಡೆ ನೋಡಿಕೊಳ್ಳುವವನು ಆಗಿದ್ದ. ಕುದಿಯುವ ಪಾಕವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಹರಳು ಕಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದ. ಹೋದ ಹಂಗಾಮಿನಲ್ಲಿ ಆ ಕೆಲಸಕ್ಕೆ ಕಂಪ್ಯೂಟರ್ ಬಂತು. ಇವನನ್ನು ಗೋದಾಮಿನಲ್ಲಿ ಚೀಲ ಹೊಲಿಯಲು ಕೂರಿಸಿದರು. ಅಂದಿನಿಂದ ಮನುಷ್ಯ ಮಾತು ಕಡಿಮೆ ಮಾಡಿದ. ಚಹಾ ಕುಡಿಯುವಾಗಲೂ ಆ ಎರಡು ಬೆರಳು ಸುಮ್ಮನೆ ಉಜ್ಜಿಕೊಳ್ಳುತ್ತಿದ್ದವು. ನಾನು ಬೇರೆ ಕಡೆ ನೋಡುತ್ತಿದ್ದೆ.

ಅವನ ಹಳೆಯ ಜೊತೆಗಾರ ಜಹೀರುದ್ದೀನ ಈಗ ಪಶ್ಚಿಮ ಆಫ್ರಿಕಾದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿ ಪ್ಯಾನು ಇನ್ನೂ ಮನುಷ್ಯರ ಕೈಯಲ್ಲಿದೆ. ಒಂದು ಜಾಗ ಖಾಲಿ ಇತ್ತು, ಒಂದು ಷರತ್ತೂ ಇತ್ತು. ವಿಡಿಯೊ ಕಾಲ್‌ನಲ್ಲಿ ಇಪ್ಪತ್ತು ಸಂಖ್ಯೆಗಳನ್ನು ಫ್ರೆಂಚಿನಲ್ಲಿ ಹೇಳುತ್ತಾರೆ. ಹದಿನೆಂಟನ್ನಾದರೂ ಸರಿಯಾಗಿ ಬರೆಯಬೇಕು. ಕೆಳಗಿನಿಂದ ಆವಿಯ ಶಾಖ ಎಷ್ಟೆಂದು ವಾಕಿಟಾಕಿಯಲ್ಲಿ ಕೂಗುತ್ತಾರಂತೆ. ಪ್ಯಾನ್‌ಮನ್ ತಪ್ಪು ಬರೆದುಕೊಂಡರೆ ಯಾರದೋ ಮೈ ಬೇಯುತ್ತದೆ. ಪರೀಕ್ಷೆಗೆ ಹದಿನೇಳು ದಿನ ಉಳಿದಿತ್ತು.

ನನಗೆ ಫ್ರೆಂಚ್ ಬರುತ್ತಿತ್ತೇ? ಜಹೀರುದ್ದೀನ ಮೊಬೈಲಿಗೆ ಉಚ್ಚಾರ ಕಳಿಸುತ್ತಿದ್ದ, ನಾನು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ಅರವತ್ತರವರೆಗೆ ಗಾಡಿ ಸಲೀಸಾಗಿ ಓಡಿತು. ಅಲ್ಲಿಂದ ಮುಂದೆ ಹಳ್ಳ. ಆ ಜನಕ್ಕೆ ಎಪ್ಪತ್ತೆಂಬ ಶಬ್ದವೇ ಇಲ್ಲ, ಅರವತ್ತು‑ಹತ್ತು ಅನ್ನುತ್ತಾರೆ. ಎಂಬತ್ತಕ್ಕೆ ನಾಲ್ಕು‑ಇಪ್ಪತ್ತು. ತೊಂಬತ್ತಕ್ಕೆ ನಾಲ್ಕು‑ಇಪ್ಪತ್ತು‑ಹತ್ತು: ಕಾತ್ರ್ ವ್ಯಾಂ ದಿಸ್.

ಕಿವಿಗೆ ಬಿದ್ದ ಅಂಕಿಯನ್ನು ಬಿದ್ದ ತಕ್ಷಣ ಹಲಗೆಗೆ ಬರೆಯುವುದು ಕಲ್ಯಾಣಕುಮಾರನಿಗೆ ಹದಿನೆಂಟು ವರ್ಷದ ರೂಢಿ. ಕಾತ್ರ್ ಅಂದರೆ 4 ಬರೆದ, ವ್ಯಾಂ ಅಂದರೆ 20, ದಿಸ್ ಅಂದರೆ 10. ತೊಂಬತ್ತು ಹೋಗಿ ನಲವತ್ತೆರಡು ಸಾವಿರದ ಹತ್ತು ಆಯಿತು. ಒಂದಲ್ಲ, ನೂರು ಸಲ ಹೀಗೇ. ನಾಲ್ಕು ದಿನ ಉಳಿದಿರುವಾಗ ನನಗೆ ರೇಗಿಹೋಗಿ ಸೀಮೆಸುಣ್ಣವನ್ನು ಗೋಡೆಗೆ ಒಗೆದೆ.

"ಇದೂ ಒಂದ್ ಲೆಕ್ಕ ಏನೋ? ಯಾವ ಮನಷಾ ಹಿಂಗ ಎಣಸ್ತಾನ?"

"ಬಿಡ್ರಿ ಸರ," ಎಂದು ಅವನು ಎದ್ದ. "ಚೀಲಾನೇ ಹೊಲಿತೇನಿ."

ಮಜ್ಜಿಗೆ ಕೊಡಲು ಬಂದಿದ್ದ ಅವನ ತಾಯಿ ಹಣಮವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ನಾ ಎಣಸ್ತೇನಲ್ರಿ ಮಾಸ್ತರ್ರ," ಎಂದಳು. "ಸಂಜಿಗೆ ದೊಡ್ಡಿಗೆ ಬರ್ರಿ."

ಹೋದೆವು. ದೊಡ್ಡಿಯ ಬಾಗಿಲಲ್ಲಿ ಕುರಿಗಳು ಒಂದೊಂದಾಗಿ ಒಳಗೆ ಹೋದವು. ಇಪ್ಪತ್ತು ತುಂಬಿದಾಗಲೆಲ್ಲ ಹಣಮವ್ವ ಎಡಮುಷ್ಟಿಗೆ ಒಂದು ಹರಳುಕಲ್ಲು ಹಾಕಿಕೊಂಡಳು. ನಡುವೆ ಮಾತಿಲ್ಲ. ಕೊನೆಯ ಕುರಿ ಒಳಗೆ ಹೋದಮೇಲೆ ಮುಷ್ಟಿ ತೆರೆದಳು.

"ನಾಲ್ಕ್ ಇಪ್ಪತ್ತು, ಮ್ಯಾಲ ಹತ್ತು. ಕಡೀ ಕುರಿ ಹೋಗೋತನಾ ಬಾಯಿ ಬಿಡಬಾರ್ದಪಾ."

ಕಲ್ಯಾಣಕುಮಾರ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಇಪ್ಪತ್ತು ವರ್ಷದ ಹಿಂದೆ ಅಕ್ಷರ ಕಲಿಸುವ ಸಂಜೆ ಶಾಲೆಗೆ ಹಣಮವ್ವ ಬರುತ್ತಿದ್ದಳು. ಒಂದು ದಿನ ತೊಂಬತ್ತು ಬರಿ ಅಂದೆ. ನಾಲ್ಕು ಸೊನ್ನೆ ಬರೆದು ಪಕ್ಕದಲ್ಲಿ ಅರ್ಧ ಸೊನ್ನೆ ಬರೆದಳು. ಒಂದೊಂದು ಸೊನ್ನೆಯೂ ಒಂದೊಂದು ಇಪ್ಪತ್ತು ಎಂದು ನನಗೆ ಹೊಳೆಯಲಿಲ್ಲ; ಅಡ್ಡಗೀಟು ಹಾಕಿ ಪಾಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿದೆ. ಎಲ್ಲರೂ ನಕ್ಕರು. ಮರುದಿನದಿಂದ ಅವಳು ಬರಲಿಲ್ಲ.

ಪರೀಕ್ಷೆ ನನ್ನ ಮನೆಯಲ್ಲೇ, ಮಂಗಳವಾರ ಹನ್ನೊಂದಕ್ಕೆ. ಫ್ರೆಂಚಿನಲ್ಲಿ ಹೇಳಲು ಒಬ್ಬ ಹೆಣ್ಣುಮಗಳು, ಪಕ್ಕದಲ್ಲಿ ಹಿಂದಿ ಬಲ್ಲ ಮ್ಯಾನೇಜರ್. ಒಂದು ಸಂಖ್ಯೆಗೆ ಐದು ಸೆಕೆಂಡು. ಬರೆದದ್ದನ್ನು ಅಳಿಸುವಂತಿಲ್ಲ, ಬರೆದ ಕೂಡಲೇ ಹಾಳೆ ತೋರಿಸಬೇಕು. ನಾಲ್ಕನೆಯದು ಎಪ್ಪತ್ತೈದು, ಅವರ ಬಾಯಲ್ಲಿ ಅರವತ್ತು‑ಹದಿನೈದು; ಹಳೆಯ ರೂಢಿ ಕೈ ಎಳೆದು 60 ಬರೆಸಿಬಿಟ್ಟಿತು. ಒಂಬತ್ತನೆಯದೂ ಹಾಗೇ ಕೆಟ್ಟಿತು. ಇನ್ನು ಒಂದು ತಪ್ಪಿದರೂ ಮುಗಿಯಿತು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಆಮೇಲೆ ಅವನು ಎಡಗೈಯನ್ನು ಮೇಜಿನ ಕೆಳಗೆ ಇಳಿಸಿದ. ನಾಲ್ಕು ಸಂಖ್ಯೆ ಸರಿ ಬಂದವು.

"ರುಕೋ," ಎಂದ ಮ್ಯಾನೇಜರ್. "ಹಾಥ್ ದಿಖಾವೋ."

ಕಲ್ಯಾಣಕುಮಾರ ಮುಷ್ಟಿ ತೆರೆದ. ನಾಲ್ಕು ಹರಳು. ಅದೇನೆಂದು ಆ ಮನುಷ್ಯ ಕೇಳಲೂ ಇಲ್ಲ, ದೂರ ಇಡು ಎಂದ. ಕಲ್ಯಾಣಕುಮಾರ ಹರಳುಗಳನ್ನು ಮೇಜಿನ ತುದಿಗೆ ಸರಿಸಿ ಎರಡೂ ಕೈಯನ್ನು ಹಾಳೆಯ ಮೇಲೆ ಇಟ್ಟ.

"ಕಾತ್ರ್ ವ್ಯಾಂ ದಿಸ್ ಸೆತ್."

ಪೆನ್ನು ಅಲುಗಲಿಲ್ಲ. ಒಂದು. ಎರಡು. ಅವನು ಕಣ್ಣು ಮುಚ್ಚಿದ್ದ. ಮೂರು. ಬರೆಯೋ ಎಂದು ಕೂಗಬೇಕೆನ್ನಿಸಿ ನಾನು ಬಾಯಿಗೆ ಟವೆಲ್ ಒತ್ತಿ ಹಿಡಿದೆ. ನಾಲ್ಕು. ಅವನ ಎಡಗೈ ಹಾಳೆಯ ಮೇಲೆಯೇ ಮೆಲ್ಲಗೆ ಮುಚ್ಚಿಕೊಂಡಿತು. ಬರೆದ: 97.

ಉಳಿದ ಆರನ್ನೂ ಹಾಗೆಯೇ ಬರೆದ, ಕೊನೆಯ ಕುರಿ ಒಳಗೆ ಹೋಗುವತನಕ ತಡೆದು. ಹಾಳೆ ನೋಡಿ ಆ ಹೆಣ್ಣುಮಗಳು ಏನೋ ಅಂದಳು. ಮ್ಯಾನೇಜರ್, "ಅಠಾರಾ. ಪಾಸ್," ಎಂದ. ಇಪ್ಪತ್ತಕ್ಕೆ ಹದಿನೆಂಟು. ಕಲ್ಯಾಣಕುಮಾರನ ಎರಡು ಬೆರಳು ಮತ್ತೆ ಉಜ್ಜಿಕೊಳ್ಳತೊಡಗಿದವು. ಈ ಸಲ ನೋಡಲು ನನಗೆ ಖುಷಿಯಾಯಿತು.

ಅವನು ಹೆಂಡತಿ ಶೈಲಶ್ರೀಗೆ ಹೇಳಲು ಓಡಿದ. ಪರೀಕ್ಷೆ ಮುಗಿಯುವತನಕ ಬಾಗಿಲಲ್ಲಿ ಕೂತಿದ್ದ ಹಣಮವ್ವ ಹೋಗಲಿಲ್ಲ. ಒಳಗೆ ಬಂದು ಕಪ್ಪುಹಲಗೆಯ ಮುಂದೆ ನಿಂತಳು.

"ಅವತ್ತ ನಾ ಬರದದ್ದು ತಪ್ಪಿತ್ತೇನ್ರಿ ಮಾಸ್ತರ್ರ?"

ಮರೆತಿರಬಹುದು ಅಂದುಕೊಂಡಿದ್ದೆ. 

"ಇಲ್ಲ ಹಣಮವ್ವ. ತಪ್ಪು ನಂದು."

"ಹಂಗಾದ್ರ ಸರಿ ಹಾಕ್ರಿ."

ಹಲಗೆಯ ಮೇಲೆ ನಾಲ್ಕು ಸೊನ್ನೆ ಬರೆದೆ, ಪಕ್ಕದಲ್ಲಿ ಅರ್ಧ ಬರೆದೆ, ಕೆಳಗೆ ಸರಿಗುರುತು ಹಾಕಿದೆ. ಅವಳು ಬಹಳ ಹೊತ್ತು ನೋಡಿದಳು.

"ಅರ್ಧ ಸಣ್ಣದಾಗೇದ್ರಿ," ಎಂದಳು.

ಅಳಿಸಿ ಮತ್ತೆ ಬರೆದೆ.