ನಡುವಿನ ಐದು ಚೀಲ

ತಮ್ಮನ ಕೋಣೆಯ ಮುಚ್ಚಿಗೆ ಹಾಳಾದದ್ದು ನನ್ನಿಂದ. ಅದನ್ನು ಅವನಿಗೆ ನಾನು ಇನ್ನೂ ಹೇಳಿಲ್ಲ. ಅವನು ಪೇಪರು, ಪುಸ್ತಕ ಓದುವವನು. ಬಾಯಲ್ಲಿ ಹೇಳಲಾಗದ್ದು ಓದಿಯಾದರೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ.

ನಮ್ಮದು ಕೊಳ್ಳೇಗಾಲದ ನೇಕಾರರ ಮನೆ. ತಾತ ಕಟ್ಟಿಸಿದ ಒಂದೇ ಹೆಂಚಿನ ಮನೆಯನ್ನು ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಭಾಗ ಮಾಡಿಕೊಂಡಿದ್ದರು. ಭಾಗಕ್ಕೆಂದು ಎತ್ತಿದ ಗೋಡೆಗಳು ಆಳೆತ್ತರಕ್ಕೇ ನಿಂತಿದ್ದವು. ಅದರ ಮೇಲೆ ಹೆಂಚಿನ ತನಕ ಬಯಲು. ದೊಡ್ಡಪ್ಪನ ಮನೆಯಲ್ಲಿ ಯಾರಾದರೂ ಸೀನಿದರೆ ನಮ್ಮ ಅಡುಗೆಮನೆಯಿಂದ ನಾನು ‘ನೂರು ವರ್ಷ’ ಅನ್ನುತ್ತಿದ್ದೆ. ಮೂರು ಮನೆಗೂ ಸೇರಿ ಆರು ಮಗ್ಗ. ಬೆಳಗಾದರೆ ಆರೂ ಒಟ್ಟಿಗೆ ಬಡಿಯುತ್ತಿದ್ದವು.

ಅವ್ವ ತೀರಿಕೊಂಡಾಗ ನನ್ನನ್ನು ಸ್ಕೂಲು ಬಿಡಿಸಿದರು. ಅಡುಗೆ ಮಾಡುವುದು, ಅಪ್ಪನ ಲಾಳಿಗೆ ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತುವುದು ನನ್ನ ಪಾಲಿಗೆ ಬಂತು. ತಮ್ಮ ಎಸ್ಸೆಸ್ಸೆಲ್ಸಿ ತನಕ ಓದಿದ. ನೇಯುವುದನ್ನೂ ಕಲಿತ, ಆದರೆ ಮನಸ್ಸು ಅಲ್ಲಿರಲಿಲ್ಲ. ಸಿಕ್ಕಿದ ರೇಡಿಯೋಗಳನ್ನೆಲ್ಲ ಬಿಚ್ಚಿ ಜೋಡಿಸುತ್ತಿದ್ದ. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಮೈಸೂರಿನಿಂದ ಒಂದು ಹಳೇ ಟೇಪ್ ರೆಕಾರ್ಡರ್ ತಂದ. ತಟ್ಟೆಯಷ್ಟಗಲದ ಎರಡು ಸುರುಳಿಗಳು ಅದರ ಮೇಲೆ ತಿರುಗುತ್ತಿದ್ದವು.

ಊರಿನ ಮೈಕ್ ಸೆಟ್ ಅಂಗಡಿಯವರು ಅವನಿಗೆ ಮಾತು ಕೊಟ್ಟರು. ಹನೂರು, ಕೌದಳ್ಳಿ ಕಡೆ ಅವರು ಮೈಕು ಕಟ್ಟಿದಲ್ಲೆಲ್ಲ ಜನ ಹರಿಕಥೆ ಬೇಕು ಅನ್ನುತ್ತಿದ್ದರಂತೆ. ದಾಸರು ಎಲ್ಲ ಊರಿಗೂ ಬರಲಾರರು. ಕಥೆಯನ್ನು ಟೇಪು ಮಾಡಿಕೊಟ್ಟರೆ ತಮ್ಮನಿಗೆ ವರ್ಷಪೂರ್ತಿ ಕೆಲಸ.

“ಆದ್ರೆ ಒಳ್ಗೆ ಒಂದ್ ಏಟೂ ಮಗ್ಗದ ಸದ್ದು ಕೇಳ್ಬಾರ್ದು ಕಣಪ್ಪ,” ಅಂದಿದ್ದರು ಅಂಗಡಿಯವರು. “ಅಲ್ಲಿ ದ್ರೌಪದಿ ಅಳೋವಾಗ ಹಿಂದ್ಗಡೆ ಯಾರೋ ಸೀರೆ ನೇಯ್ತಾ ಕೂತಿದ್ರೆ ಜನ ನಗಾಡ್ತರೆ.”

ಅಪ್ಪ ಒಪ್ಪಲೂ ಇಲ್ಲ, ಬೇಡ ಅನ್ನಲೂ ಇಲ್ಲ. “ದೀಪಾವಳಿ ಗಂಟ ನೋಡ್ತೀನಿ. ಆಮೇಕೆ ಬಂದು ಮಗ್ಗಕ್ಕೆ ಕೂತ್ಕ,” ಅಂದರು.

ಹಿಂದಿನ ಕೋಣೆಯನ್ನು ತಮ್ಮ ಆರಿಸಿಕೊಂಡ. ಸದ್ದು ಬರುತ್ತಿದ್ದುದು ಗೋಡೆಯಿಂದಲ್ಲ, ಗೋಡೆಯ ಮೇಲಿನ ಬಯಲಿನಿಂದ. ಹಾಗಾಗಿ ಆ ಕೋಣೆಗೊಂದು ಮುಚ್ಚಿಗೆ ಬೇಕಿತ್ತು. ಗೂಡಿನಿಂದ ನೂಲು ಬಿಚ್ಚುವವರ ಮನೆಯಲ್ಲಿ ಒಮ್ಮೆ ಅವನು ರೇಷ್ಮೆ ಸಿಕ್ಕಿನ ಚೀಲಗಳ ಸಾಲಿನ ಹಿಂದೆ ಕೂತಿದ್ದನಂತೆ, ಅಲ್ಲಿ ರಾಟೆಯ ಸದ್ದು ಕೇಳಿಸಲಿಲ್ಲವಂತೆ. ಅದೇ ಅವನ ತಲೆಗೆ ಹತ್ತಿತು. ಮಾರ್ಟಳ್ಳಿ ಕಡೆಯಿಂದ ಬಿದಿರು ತಂದು ತಟ್ಟಿ ಮಾಡಿಸಿದ. ಅದರ ಮೇಲೆ ಹಾಸಲು ಹನ್ನೆರಡು ಗೋಣಿಚೀಲದ ಸಿಕ್ಕು ತಂದು ನನ್ನ ಮುಂದೆ ಹಾಕಿದ.

ನೂಲು ಬಿಚ್ಚಿ ಉಳಿದ ಸಿಕ್ಕಿನಲ್ಲಿ ಸತ್ತ ಹುಳು ಇರುತ್ತದೆ. ಸೋಡಾ ಹಾಕಿ ಬೇಯಿಸಬೇಕು, ಹುಳು ಆರಿಸಬೇಕು, ತೊಳೆದು ಬಿಸಿಲಿಗೆ ಹರಡಬೇಕು. ಒಣಗಿದ ಮೇಲೆ ಮತ್ತೆ ಚೀಲಕ್ಕೆ ತುಂಬಿ ಹಾಸಿಗೆಯ ಹಾಗೆ ಹೊಲಿಯಬೇಕು.

“ಒಂದ್ ಉಳಾನೂ ಬುಡ್ಬ್ಯಾಡ ಕಣಕ್ಕ,” ಅಂದ. “ಉಳ ಇದ್ರೆ ಇಲಿ ಬತ್ತವೆ.”

ಏಳು ಚೀಲ ಅವನು ಹೇಳಿದ ಹಾಗೇ ಮಾಡಿದೆ. ಸೋಡಾ ನೀರಿಗೆ ಬೆರಳು ಒಡೆದವು. ಒಡೆದ ಬೆರಳಿಗೆ ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತದೆ. ಕಂಡಿಕೆ ಸುತ್ತುವಾಗ ನೂಲು ಹರಿಯುತ್ತಿತ್ತು, ಅಪ್ಪ ಬೈಯುತ್ತಿದ್ದರು. ಅಂಥ ಒಂದು ದಿನ ತಮ್ಮನನ್ನು ಕೇಳಿದೆ, “ಲೇ, ಆ ಟೇಪಲ್ಲಿ ನನ್ ದನೀನೂ ಇಡಿತೀಯೇನ್ಲಾ?”

ಅವನು ನಕ್ಕ. “ನಿಂದಾ? ನಿನ್ ರಾಟೆ ಸದ್ದು ಬರ್ದೇ ಇರ್ಲಿ ಅಂತಲ್ವಾ ಇಷ್ಟೊಂದು ತಾಪತ್ರಯ!”

ತಮಾಷೆಗೆ ಅಂದದ್ದು. ನಾನೂ ನಕ್ಕೆ. ಆ ಮಧ್ಯಾಹ್ನವೇ ಉಳಿದ ಐದು ಚೀಲಗಳನ್ನು ತೊಳೆಯದೆ, ಹುಳು ಆರಿಸದೆ, ಹಾಗೇ ಹೊಲಿದುಬಿಟ್ಟೆ. ಕೈ ಒಡೆದಿತ್ತು ಅನ್ನುವುದು ನೆವ. ನಾನು ಸ್ಕೂಲು ಬಿಟ್ಟೆ, ಅವನು ಓದಿದ. ಈಗ ನನ್ನ ರಾಟೆಯೂ ಅವನಿಗೆ ಬೇಡದ ಸದ್ದಾಯಿತಲ್ಲ ಎಂದು ಸಿಟ್ಟು ಬಂದಿತ್ತು. ಅವನದೊಂದು ಕೆಲಸ ಸ್ವಲ್ಪ ಸೊಟ್ಟಗಾಗಲಿ ಅನ್ನಿಸಿತು. ಮುಚ್ಚಿಗೆ ಕಟ್ಟುವ ದಿನ ಏಣಿಯ ಮೇಲಿದ್ದ ಅವನಿಗೆ ಚೀಲ ಎತ್ತಿಕೊಟ್ಟವಳು ನಾನೇ. ಆ ಐದೂ ನಡುವಿಗೆ ಹೋಗುವಂತೆ ಕೊಟ್ಟೆ. ಅಂಚಿಗೆ ತೊಳೆದವು.

ಕಟ್ಟಿ ಮುಗಿದ ಮರುದಿನ ಅವನು ಒಳಗೆ ಹೋಗಿ ಕದ ಹಾಕಿಕೊಂಡ. ನಾನು ಹೊರಗೆ ಕಂಡಿಕೆ ಸುತ್ತುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕದ ತೆಗೆದು ತಲೆ ಹೊರಗಿಟ್ಟ.

“ಮಗ್ಗ ಯಾಕ್ ನಿಲ್ಸುದ್ರಿ?”

“ಯಾರ್ಲಾ ನಿಲ್ಸಿರೋರು? ಆರೂ ಓಡ್ತಾವೆ, ಕೇಳುಸ್ತಾ ಇಲ್ವಾ?”

ಅವನು ನಿಂತು ಕೇಳಿಸಿಕೊಂಡ. ಮತ್ತೆ ಒಳಗೆ ಹೋಗಿ ಕದ ಹಾಕಿಕೊಂಡ, ಮತ್ತೆ ಹೊರಗೆ ಬಂದ. ಹೀಗೆ ಮೂರು ಸಲ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಮುಂದೆ ಅವನ ಮದುವೆಯಲ್ಲೂ ಕಾಣಲಿಲ್ಲ. ಆಗಲೇ ಹೇಳಬಹುದಿತ್ತು. ನಡೆಯುತ್ತಿದೆಯಲ್ಲ, ನಡೆಯಲಿ ಎಂದು ಸುಮ್ಮನಾದೆ.

ಮಳೆ ಹಿಡಿದು ಥಂಡಿಗೆ ಕೋಣೆಯಲ್ಲಿ ವಾಸನೆ ಎದ್ದಿತು. ಬಿದಿರು ಹಸಿ ಇರಬೇಕೆಂದು ತಮ್ಮ ಒಳಗೆ ಸಾಂಬ್ರಾಣಿ ಹಾಕಿದ. ಆಮೇಲೆ ಇಲಿಗಳು ಬಂದವು. ಬೋನು ಇಟ್ಟ, ದೊಡ್ಡಪ್ಪನ ಮನೆಯ ಬೆಕ್ಕನ್ನು ತಂದು ಬಿಟ್ಟ. ಅಷ್ಟರಲ್ಲಿ ಯಳಂದೂರಿನಿಂದ ದಾಸರು ಬರುವ ದಿನ ಬಂತು.

ದಾಸರು ಕಾಫಿ ಕುಡಿದು ಒಳಗೆ ಕೂತರು. ಜೊತೆಗೆ ಮೈಕ್ ಸೆಟ್ಟಿನವರೂ ಕೂತರು. ಹೇಳಿದ್ದು ದ್ರೌಪದಿಯ ಕಥೆಯೇ. ಮುಗಿದ ಮೇಲೆ ಎಲ್ಲರೂ ಕೇಳಲೆಂದು ತಮ್ಮ ಕದ ತೆಗೆದು, ಮಗ್ಗಗಳನ್ನು ನಿಲ್ಲಿಸಲು ಹೇಳಿ ಟೇಪು ಹಾಕಿದ. ಟೇಪಿನಲ್ಲಿ ಮಗ್ಗದ ಸದ್ದು ಒಂದಿಷ್ಟೂ ಇರಲಿಲ್ಲ. ದಾಸರು ದನಿ ಇಳಿಸಿದ ಕಡೆಯೆಲ್ಲ ಕರಕರ ಕಡಿಯುವ ಸದ್ದು, ನಡುವೆ ದುಡುದುಡು ಓಡಿದ ಸದ್ದು.

ದಾಸರೇ ಮೊದಲು ನಕ್ಕದ್ದು. “ದುಶ್ಶಾಸನ ಒಂದ್ ಕಡೆ ಎಳೀತಾವ್ನೆ, ಇಲಿ ಇನ್ನೊಂದ್ ಕಡೆ ಕಡೀತಾ ಅದೆ. ಕೃಷ್ಣ ಎಷ್ಟ್ ಸೀರೆ ಕೊಟ್ರೂ ಸಾಲ್ದು ಕಣಪ್ಪ!”

ಮೈಕ್ ಸೆಟ್ಟಿನವರು ನಗಲಿಲ್ಲ. “ಮಗ್ಗ ಓಡಿಸ್ಬುಟ್ಟು ಇಲಿ ಸಾಕಿದ್ದೀಯಲ್ಲಯ್ಯ,” ಎಂದು ಎದ್ದು ಹೋದರು.

ಆ ಸಂಜೆ ತಮ್ಮ ಏಣಿ ಹಾಕಿ ಹತ್ತಿದ. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಅಂಚಿನ ಒಂದು ಚೀಲದ ಹೊಲಿಗೆ ಬಿಚ್ಚಿ ಕೈ ಹಾಕಿದ. ಬಿಳಿಯ ಸಿಕ್ಕು ಬಂತು. ಮೂಸಿ ನೋಡಿದ.

“ಚೊಕ್ಕವಾಗೇ ಅದೆ. ನೀನೇನೋ ಚೆಂದಾಗೇ ತೊಳ್ದಿದ್ದೀಯ ಕಣಕ್ಕ. ರೇಸ್ಮೇನೇ ಇಲೀಗೆ ಇಷ್ಟ ಆಯ್ತದೆ ಅಂತ ಕಾಣ್ತದೆ. ನನ್ ಲೆಕ್ಕಾಚಾರನೇ ತಪ್ಪು.”

ದೀಪಾವಳಿಗೆ ಇನ್ನೂ ಮೂರು ವಾರ ಇತ್ತು. ‘ನಡುವಿನದನ್ನ ಬಿಚ್ಚಿ ನೋಡು’ ಎಂದು ನಾನು ಒಂದು ಮಾತು ಅಂದಿದ್ದರೆ ಐದು ಚೀಲ ಇಳಿಸಿ, ತೊಳೆದು, ಮತ್ತೆ ಕಟ್ಟಬಹುದಿತ್ತು. ದಾಸರು ಒಳ್ಳೆಯವರು, ಇನ್ನೊಂದು ಸಲ ಬರುತ್ತಿದ್ದರು. ಚೀಲ ಹೊಲಿದದ್ದು ಸಿಟ್ಟಿನ ಕೆಲಸ. ಏಣಿ ಹಿಡಿದು ಸುಮ್ಮನೆ ನಿಂತಾಗ ನನಗೆ ಸಿಟ್ಟೂ ಇರಲಿಲ್ಲ, ಸಿಕ್ಕಿಬೀಳುವ ಹೆದರಿಕೆ ಮಾತ್ರ ಇತ್ತು.

ಅವನು ಇಳಿದು ಬಂದು ಅಪ್ಪನಿಗೆ ತಾನೇ ಹೇಳಿದ, ಇದು ಆಗುವುದಿಲ್ಲ ಎಂದು. ತಮ್ಮ ಟೇಪ್ ರೆಕಾರ್ಡರನ್ನು ಮಾರಲು ಮೈಸೂರಿನ ಬಸ್ಸು ಹತ್ತಿದ ದಿನ ಮುಚ್ಚಿಗೆಯನ್ನು ನಾನೇ ಬಿಚ್ಚಿಸಿದೆ. ನಡುವಿನ ಐದು ಚೀಲಗಳಲ್ಲಿ ಇಲಿ ತಿಂದು ಬಿಟ್ಟ ಹುಳುವಿನ ಸಿಪ್ಪೆ, ಹಿಕ್ಕೆ. ಅವನು ತಿರುಗಿ ಬರುವಷ್ಟರಲ್ಲಿ ಅದನ್ನೆಲ್ಲ ತಿಪ್ಪೆಯಲ್ಲಿ ಹೂತಿದ್ದೆ. ದೀಪಾವಳಿಗೂ ಮೊದಲೇ ಅವನು ಮಗ್ಗಕ್ಕೆ ಕೂತ. ಇವತ್ತಿಗೂ ಅಲ್ಲೇ ಕೂರುತ್ತಾನೆ. ಒಳ್ಳೆಯ ನೇಕಾರ ಎಂದು ಜನ ಹೇಳುತ್ತಾರೆ.

ನಾನು ಸತ್ತೇಗಾಲಕ್ಕೆ ಮದುವೆಯಾಗಿ ಹೋದೆ. ಕೆಲವು ವರ್ಷ ಕಳೆದು ತವರಿಗೆ ಬಂದಿದ್ದಾಗ, ಹನೂರಿನಿಂದ ನಾಟಕದ ಹಾಡು ಹಾಡುವವರೊಬ್ಬರು ತಮ್ಮನನ್ನು ಹುಡುಕಿಕೊಂಡು ಬಂದರು. ಅಭ್ಯಾಸ ಮಾಡಲು ಅವರಿಗೊಂದು ಸದ್ದಿಲ್ಲದ ಕೋಣೆ ಬೇಕಿತ್ತಂತೆ. ತಮ್ಮ ಮಗ್ಗ ನಿಲ್ಲಿಸಿ ಅವರಿಗೆ ಎಲ್ಲ ವಿವರಿಸಿದ. ಕೊನೆಗೆ ಹೇಳಿದ, “ಏನಾರ ತುಂಬ್ಸಿ ಸಾ, ತೆಂಗಿನ್ ನಾರು, ಉಲ್ಲು, ಏನಾರ. ರೇಸ್ಮೆ ಸಿಕ್ಕು ಮಾತ್ರ ಬ್ಯಾಡಿ. ಎಷ್ಟ್ ತೊಳುದ್ರೂ ಇಲಿ ಬತ್ತವೆ. ನಾನು ಮಾಡಿ ಕೆಟ್ಟಿದ್ದೀನಿ.”

ನಾನು ಅವರಿಗೆ ಕಾಫಿ ಲೋಟ ಕೊಟ್ಟು ಒಳಗೆ ಹೋದೆ.

ತಮ್ಮ ಹೇಳಿದ್ದು ತಪ್ಪು. ತೊಳೆದ ಸಿಕ್ಕಿಗೆ ಇಲಿ ಬರುವುದಿಲ್ಲ. ಆ ಏಳು ಚೀಲಗಳ ಸಿಕ್ಕಿನಲ್ಲಿ ನಾನು ಎರಡು ಹಾಸಿಗೆ ಹೊಲಿದಿದ್ದೆ. ಒಂದನ್ನು ಮದುವೆಯಲ್ಲಿ ಸತ್ತೇಗಾಲಕ್ಕೆ ತಂದೆ. ಇನ್ನೊಂದು ತಮ್ಮನ ಮಂಚದ ಮೇಲಿದೆ, ಅವನು ದಿನವೂ ಮಲಗುವುದು ಅದರ ಮೇಲೆ. ಇಷ್ಟು ವರ್ಷದಲ್ಲಿ ಎರಡನ್ನೂ ಇಲಿ ಮುಟ್ಟಿಲ್ಲ.